ಟೆಸ್ಟ್ ಮಾಡಿಸಿದ್ರೆ ವೀಸಾಗೆ ಏನೂ ಆಗಲ್ಲ ಮಾರಾಯ

ಸೆಪ್ಟೆಂಬರ್‌ನಲ್ಲಿ ಓದೋಕೆ ಲಂಡನ್‌ಗೆ ಬರ್ತಿದ್ದೀನಿ ಅಂತ ಬರೆದಿದ್ದೀಯ. ಬಾಡಿಗೆ, ಬಸ್ ಪಾಸು, ಪಾರ್ಟ್ ಟೈಮ್ ಕೆಲಸ ಎಲ್ಲ ಕೇಳಿ, ಕೊನೇ ಸಾಲಲ್ಲಿ ಮೆಲ್ಲಗೆ ಇದನ್ನ ಸೇರಿಸಿದ್ದೀಯ: 'ಅಣ್ಣಾ, ನಾನು ಗೇ. ಅಲ್ಲಿ ಎಚ್‌ಐವಿ ಟೆಸ್ಟ್ ಮಾಡಿಸಿದ್ರೆ ವೀಸಾಗೆ ತೊಂದ್ರೆ ಆಗುತ್ತಾ? ಮನೆಗೆ ಗೊತ್ತಾಗುತ್ತಾ?' ಬಾಡಿಗೆ ವಿಷಯ ಯಾರು ಬೇಕಾದ್ರೂ ಹೇಳ್ತಾರೆ. ನಾನು ಈ ಕೊನೇ ಸಾಲಿಗೇ ಉತ್ತರ ಕೊಡ್ತೀನಿ.

ಎರಡೂ ಆಗಲ್ಲ. ವೀಸಾಕ್ಕೆ ಅಂತ ಟಿಬಿ ಪರೀಕ್ಷೆ ಮಾಡಿಸ್ತೀಯ, ಎಚ್‌ಐವಿ ಬಗ್ಗೆ ಯಾರೂ ಕೇಳಲ್ಲ. ಇಲ್ಲಿ ಲೈಂಗಿಕ ಆರೋಗ್ಯಕ್ಕೇ ಬೇರೆ ಕ್ಲಿನಿಕ್‌ಗಳಿವೆ. ಟೆಸ್ಟ್ ಫ್ರೀ, ವೀಸಾ ಯಾವುದು ಅಂತ ನೋಡಲ್ಲ. 2012ರಿಂದ ಇಂಗ್ಲೆಂಡಿನಲ್ಲಿ ಎಚ್‌ಐವಿ ಚಿಕಿತ್ಸೆಯೂ ಎಲ್ಲರಿಗೂ ಉಚಿತ.

ಆದ್ರೂ ನಾನು ಮೊದಲ ಸಲ ಲಂಡನ್ನಿನ ಸೋಹೋದಲ್ಲಿರೋ 56 ಡೀನ್ ಸ್ಟ್ರೀಟ್ ಕ್ಲಿನಿಕ್‌ಗೆ ಹೋದಾಗ ಬಾಗಿಲ ಮುಂದೆ ಮೂರು ಸಲ ಅತ್ತಿಂದಿತ್ತ ಓಡಾಡಿದ್ದೆ. ಊರಲ್ಲಿ ಒಂದು ಲ್ಯಾಬ್‌ನಲ್ಲಿ ಇದೇ ಟೆಸ್ಟ್ ಕೇಳಿದಾಗ ಕೌಂಟರಿನವನು ಇಡೀ ಸಾಲಿಗೆ ಕೇಳಿಸೋ ಹಾಗೆ 'ಮದುವೆ ಆಗಿಲ್ವಲ್ರೀ, ಮತ್ಯಾಕೆ ಇದು?' ಅಂದಿದ್ದ. ನಾನು ಶುಗರ್ ಟೆಸ್ಟ್ ಮಾಡಿಸ್ಕೊಂಡು ವಾಪಸ್ ಬಂದಿದ್ದೆ. ಅದಕ್ಕೇ ಇಲ್ಲಿ 'ಕುಮಾರ್' ಅಂತ ಸುಳ್ಳು ಹೆಸರು ಬರೆಸಿದೆ. ನರ್ಸ್ ಎರಡು ಸಲ 'ಕುಮಾರ್' ಅಂತ ಕೂಗಿದ್ರೂ, ಪಾಪ ಯಾರೋ ಕುಮಾರ ಎದ್ದು ಹೋಗಿರ್ಬೇಕು ಅಂದ್ಕೊಂಡು ಸುಮ್ನೆ ಕೂತಿದ್ದೆ!

ಒಳಗೆ ಯಾವ ಥರ ಸೆಕ್ಸ್, ಕಾಂಡೋಮ್ ಹಾಕಿದ್ರಾ, ಡ್ರಗ್ಸ್ ಏನಾದ್ರೂ ಇತ್ತಾ ಅಂತ ಕೇಳಿದ್ರು. ಹಲ್ಲಿನ ಡಾಕ್ಟ್ರು ದಿನಕ್ಕೆ ಎಷ್ಟು ಸಲ ಹಲ್ಲುಜ್ತೀರ ಅಂತ ಕೇಳೋ ಧ್ವನಿಯಲ್ಲೇ. ನಿಜ ಹೇಳು, ಯಾಕಂದ್ರೆ ಎಲ್ಲೆಲ್ಲಿಂದ ಸ್ಯಾಂಪಲ್ ತಗೋಬೇಕು ಅನ್ನೋದು ಅದರ ಮೇಲೇ ನಿಂತಿದೆ. ರಕ್ತ, ಮೂತ್ರ, ಗಂಟಲಿಂದೊಂದು ಸ್ವಾಬ್, ಹಿಂದಿನಿಂದೊಂದು.

ನಿನ್ನೆ ರಾತ್ರಿ ನಡೆದದ್ದು ಇವತ್ತಿನ ರಕ್ತದಲ್ಲಿ ಕಾಣಲ್ಲ. ಎಚ್‌ಐವಿ ಲ್ಯಾಬ್ ಟೆಸ್ಟ್ ನೆಗೆಟಿವ್ ಅಂದ್ರೆ ನಂಬೋಕೆ ಸೆಕ್ಸ್ ಆಗಿ 45 ದಿನ ಕಳೆದಿರಬೇಕು. ಆದ್ರೆ ಕಾಂಡೋಮ್ ಹರಿದು ಎದೆ ಹೊಡ್ಕೊಳ್ತಿದ್ರೆ ಕಾಯ್ತಾ ಕೂರಬೇಡ. ಆಮೇಲೆ ತಗೊಂಡು ಎಚ್‌ಐವಿ ತಡೆಯೋ ಮಾತ್ರೆ ಇದೆ, ಪೆಪ್ ಅಂತ. ಅದು 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ಆಮೇಲೆ 28 ದಿನ. ಭಾನುವಾರ ಕ್ಲಿನಿಕ್ ಮುಚ್ಚಿದ್ರೆ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡು.

ಎಚ್‌ಐವಿ ಬರದ ಹಾಗೆ ಸೆಕ್ಸ್‌ಗೆ ಮುಂಚೆಯೇ ತಗೊಳ್ಳೋ ಮಾತ್ರೆ ಪ್ರೆಪ್. 2020ರಿಂದ ಇಂಗ್ಲೆಂಡಿನ ಕ್ಲಿನಿಕ್‌ಗಳಲ್ಲಿ ಪುಕ್ಕಟೆ. ಅದಕ್ಕೆ ಮುಂಚೆ ಇಲ್ಲಿಯವರು ಎಷ್ಟೋ ಜನ ಆನ್‌ಲೈನ್‌ನಲ್ಲಿ ತರಿಸ್ತಿದ್ದದ್ದು ಭಾರತದಲ್ಲಿ ತಯಾರಾದ ಜೆನೆರಿಕ್ ಮಾತ್ರೆ. ನಮ್ಮಲ್ಲೇ ಆಗೋ ಮಾತ್ರೆಯ ಹೆಸರು ನಾನು ಇಲ್ಲಿಗೆ ಬಂದು ಕೇಳಿದ್ದು! ಕೊಡೋ ಮುಂಚೆ ಎಚ್‌ಐವಿ, ಕಿಡ್ನಿ ಎರಡೂ ಪರೀಕ್ಷೆ ಮಾಡ್ತಾರೆ. ಸರಿಯಾಗಿ ತಗೊಂಡ್ರೆ ಎಚ್‌ಐವಿ ಹತ್ರ ಸುಳಿಯೋದು ತೀರಾ ಅಪರೂಪ, ಆದ್ರೆ ಸಿಫಿಲಿಸ್, ಗೊನೋರಿಯಾ ತಡೆಯಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ಟೆಸ್ಟ್ ಬಿಡಬೇಡ.

ಡೇಟಿಂಗ್ ಆಪ್‌ನಲ್ಲಿ ಮೊದಲ ದಿನವೇ ಯಾರಾದ್ರೂ 'ಕ್ಲೀನ್ ಇದ್ದೀಯಾ?' ಅಂತ ಕೇಳ್ತಾರೆ, ಅಂದ್ರೆ ಎಚ್‌ಐವಿ ಇಲ್ಲ ತಾನೆ ಅಂತ. ನನಗೆ ಆ ಪದ ಕೇಳಿದ್ರೇ ಸಿಟ್ಟು. ನನ್ನ ರೂಮ್‌ಮೇಟ್ ಪಾಸಿಟಿವ್. ಬೆಳಿಗ್ಗೆ ಕಾಫಿ ಜೊತೆ ಮಾತ್ರೆ ನುಂಗ್ತಾನೆ. ವರ್ಷಗಳಿಂದ ರಕ್ತದಲ್ಲಿ ವೈರಸ್ ಪತ್ತೆಯೇ ಆಗ್ತಿಲ್ಲ, ಹಾಗಾಗಿ ಸೆಕ್ಸ್‌ನಿಂದ ಅವನಿಂದ ಇನ್ನೊಬ್ಬರಿಗೆ ಬರಲ್ಲ. ಮನೇಲಿ ನನಗಿಂತ ಕ್ಲೀನ್ ಅವನೇ, ಪಾತ್ರೆ ತೊಳೆದೇ ಮಲಗೋದು.

ಟೆಸ್ಟ್ ಕಿಟ್ ಅಂಚೆಯಲ್ಲೂ ತರಿಸ್ಕೋಬಹುದು, ಕವರ್ ಮೇಲೆ ಏನೂ ಬರೆದಿರಲ್ಲ. ಆದ್ರೆ ಮೊದಲ ತಿಂಗಳು ಹೌನ್ಸ್‌ಲೋದಲ್ಲಿ ಚಿಕ್ಕಪ್ಪನ ಮನೇಲಿ ಇರ್ತೀನಿ ಅಂದ್ಯಲ್ಲ, ಚಿಕ್ಕಮ್ಮ ಬಿಚ್ಚೇ ಬಿಡ್ತಾರೆ. ಅಲ್ಲಿಗೆ ಬೇಡ. ಒಬ್ಬನೇ ಹೋಗೋಕೆ ಕಾಲು ಬರದಿದ್ರೆ ಹೇಳು, ಜೊತೆಗೆ ಬರ್ತೀನಿ, ಆಮೇಲೆ ಈಸ್ಟ್ ಹ್ಯಾಮ್‌ಗೆ ಹೋಗಿ ದೋಸೆ ತಿನ್ನೋಣ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ ಚೀಟಿ ಮನೇಲಿದ್ರೆ ಹುಡುಕಿ ತಗೊಂಡು ಬಾ, ಇಲ್ಲಿ ಕೇಳ್ತಾರೆ.