ಹೆಲ್ಸಿಂಕಿ ಚಳೀಲಿ ಅಮ್ಮ ವಾಕಿಂಗ್ ಹೋಗ್ಬೋದಾ ಅಂತ ಕೇಳಿದ್ರಲ್ಲ

ನಿಮ್ಮ ಪ್ರಶ್ನೆ ಓದಿದೆ. ಕೆಲಸಕ್ಕೆ ಅಂತ ಫಿನ್ಲೆಂಡಿನ ಹೆಲ್ಸಿಂಕಿಗೆ ಬಂದು ಎರಡು ತಿಂಗಳಾಗಿದೆ, ನವೆಂಬರ್ ಕೊನೇಲಿ ಅಮ್ಮ ಬರ್ತಿದಾರೆ, 68 ವಯಸ್ಸು, ಮೈಸೂರಲ್ಲಿ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತೋರು, ಇಲ್ಲಿ ಮೂರು ತಿಂಗಳು ಮನೇಲೇ ಕೂತು ಮಂಕಾಗ್ಬಿಡ್ತಾರಾ, ಇಲ್ಲಿನ ವಯಸ್ಸಾದವರು ಚಳೀಲಿ ಏನ್ಮಾಡ್ತಾರೆ ಅಂತ ಕೇಳಿದೀರ. ನಾವು ಇಲ್ಲಿಗೆ ಬಂದು ಹದಿನಾರು ವರ್ಷ ಆಯ್ತು. ನಮ್ಮತ್ತೆ ಮೂರು ಚಳಿಗಾಲ ಇಲ್ಲಿದ್ರು, ಮೊದಲನೇ ಸಲ ಬಿದ್ದು ಮಣಿಕಟ್ಟು ಮುರ್ಕೊಂಡ್ರು, ಮೂರನೇ ಸಲ ಬಂದಾಗ ಅವರೇ ನನ್ನ ಎಬ್ಬಿಸಿ ಪಾರ್ಕಿಗೆ ಕರ್ಕೊಂಡು ಹೋಗ್ತಿದ್ರು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಮೊದಲು ಒಂದು ಮಾತು. ಚಳಿಗೆ ಹೆದರ್ಬೇಡಿ, ಜಾರೋದಕ್ಕೆ ಹೆದರಿ. ಮೈನಸ್ 12 ಇದ್ದು ಒಣಗಿದ್ರೆ ಹಿಮ ಕಾಲ ಕೆಳಗೆ ಕರಕರ ಅನ್ನತ್ತೆ, ಹಿಡಿತ ಸಿಗತ್ತೆ, ಆರಾಮಾಗಿ ನಡೀಬೋದು. ಪ್ಲಸ್ 1 ಆಗಿ ಮಂಜುಗಡ್ಡೆ ಮೇಲೆ ಸಣ್ಣಗೆ ಮಳೆ ಬಿತ್ತು ಅನ್ನಿ, ಆವಾಗ ರಸ್ತೆ ಎಣ್ಣೆ ಹಚ್ಚಿದ ಕಾವಲಿ ಥರ. ಅತ್ತೆ ಬಿದ್ದಿದ್ದು ಅಂಥ ದಿನಾನೇ, ಮೈಸೂರಿಂದ ತಂದ ಸ್ಪೋರ್ಟ್ಸ್ ಶೂ ಹಾಕ್ಕೊಂಡು, ನಮ್ಮ ಬಿಲ್ಡಿಂಗ್ ಬಾಗ್ಲಿಂದ ಮೂವತ್ತು ಹೆಜ್ಜೆ ಕೂಡ ಹೋಗಿರ್ಲಿಲ್ಲ. ಇವತ್ತು ಚಳಿ ಕಮ್ಮಿ ಇದೆ ಬನ್ನಿ ಅಂತ ಕರ್ಕೊಂಡು ಹೋಗಿದ್ದು ನಾನು, ಅದು ಇವತ್ತಿಗೂ ನನ್ನ ಮನಸ್ಸಲ್ಲಿ ಕೊರೀತದೆ. ಇಂಥ ದಿನಕ್ಕೆ ಇಲ್ಲಿನವರು ಪ್ಯಾಕಲ್ಲೊಕೆಲಿ ಅಂತಾರೆ, ತಲೆಬುರುಡೆ ಹವಾ ಅಂತ ಅರ್ಥ, ಹವಾಮಾನ ಇಲಾಖೆ ನಡೆಯೋರಿಗೋಸ್ಕರನೇ ಬೇರೆ ವಾರ್ನಿಂಗ್ ಕೊಡತ್ತೆ. ಬೆಳಿಗ್ಗೆ ಫೋನಲ್ಲಿ ಟೆಂಪರೇಚರ್ ನೋಡೋದಕ್ಕಿಂತ ಮೊದಲು ಅದನ್ನ ನೋಡಿ, ಇದ್ರೆ ಅವತ್ತು ಅಮ್ಮನ್ನ ಹೊರಗೆ ಕಳಿಸ್ಲೇಬೇಡಿ.

ಇಲ್ಲಿನ ಅಜ್ಜ ಅಜ್ಜೀರನ್ನ ಒಂದು ವಾರ ಸುಮ್ನೆ ಗಮನಿಸಿ ನೋಡಿ, ಅರ್ಧ ಪಾಠ ಅಲ್ಲೇ ಸಿಗತ್ತೆ. ನಮ್ಮೂರಲ್ಲಿ ಬೆಳಗಿನ ಜಾವ ಐದೂವರೆಗೆ ವಾಕಿಂಗ್, ಇಲ್ಲಿ ಡಿಸೆಂಬರಲ್ಲಿ ಸೂರ್ಯ ಹುಟ್ಟೋದೇ ಒಂಬತ್ತೂಕಾಲು ದಾಟಿದ ಮೇಲೆ, ಮಧ್ಯಾಹ್ನ ಮೂರೂಕಾಲಿಗೆ ಮುಳುಗತ್ತೆ, ಆರು ಗಂಟೆ ಬೆಳಕೂ ಇಲ್ಲ. ಅದಕ್ಕೆ ಅವರು ಹನ್ನೊಂದರಿಂದ ಒಂದು ಗಂಟೆ ಒಳಗೆ ಹೊರಡ್ತಾರೆ. ಶೂ ಮೇಲೆ ಲಿಯುಕುಎಸ್ತೆ, ಅಂದ್ರೆ ಮೊಳೆ ಇರೋ ರಬ್ಬರ್ ಪಟ್ಟಿ, ಎರಡೂ ಕೈಲಿ ಕೋಲು. ಈ ಕೋಲು ಹಿಡಿದು ನಡೆಯೋದು ಸ್ಕೀಯಿಂಗ್‌ನೋರು ಬೇಸಿಗೇಲಿ ಮಾಡ್ತಿದ್ದ ಪ್ರಾಕ್ಟೀಸು, 1997ರಿಂದ ಇದೇ ದೇಶದಲ್ಲಿ ಎಲ್ಲರ ವಾಕಿಂಗ್ ಆಗಿ ಹಬ್ಬಿದ್ದು, ತುದೀಲಿ ಚೂಪು ಮೊಳೆ ಇರೋದ್ರಿಂದ ಐಸ್ ಮೇಲೂ ಊರ್ಕೊಳ್ಳತ್ತೆ. ಅಮ್ಮ ನಾನೇನು ಮುದುಕೀನಾ ಕೋಲು ಹಿಡಿಯೋಕೆ ಅನ್ಬೋದು, ನಮ್ಮತ್ತೆನೂ ಅಂದ್ರು, ನಲವತ್ತು ವರ್ಷದೋರೂ ಹಿಡ್ಕೊಂಡು ಹೋಗೋದು ತೋರಿಸ್ದೆ, ಸುಮ್ಮನಾದ್ರು. ಮೊಳೆ ಪಟ್ಟೀನ ಅಂಗಡಿ ಒಳಗೆ ಹೋಗೋವಾಗ ಬಿಚ್ಚಲೇಬೇಕು, ಟೈಲ್ಸ್ ಮೇಲೆ ಅದೇ ಜಾರತ್ತೆ. ಬಗ್ಗೋದು ಕಷ್ಟ ಅಂದ್ರೆ ಅಡಿಯಲ್ಲೇ ಮೊಳೆ ಇರೋ ಶೂ ಕೊಡಿಸಿ, ನೂರು ಯೂರೋ ಮೇಲಾಗತ್ತೆ, ಆದ್ರೂ ಕೊಡಿಸಿ.

ಜಾಗ ಅಂದ್ರೆ ಶುರುಗೆ ತೋಲೋನ್‌ಲಾಹ್ತಿ. ರೈಲ್ವೆ ಸ್ಟೇಷನ್ ಹಿಂದೆ ಇರೋ ಸಣ್ಣ ಕೊಲ್ಲಿ, ಸುತ್ತ ಒಂದು ರೌಂಡ್ ಸುಮಾರು 2 ಕಿಲೋಮೀಟರ್, ಕೆರೆ ಏರಿ ಮೇಲೆ ನಡೆದ ಹಾಗೇ ಇರತ್ತೆ, ನೀರು ಬಲಕ್ಕಿಟ್ಕೊಂಡು ನಡೀತಾ ಇದ್ರೆ ದಾರಿ ತಪ್ಪಲ್ಲ. ಒಂದು ತುದೀಲಿ ಓಡಿ (Oodi) ಲೈಬ್ರರಿ, 2018ರಲ್ಲಿ ಶುರುವಾಗಿದ್ದು, ಬೆಚ್ಚಗಿರತ್ತೆ, ಕೂರೋಕೆ ಜಾಗ, ಫ್ರೀ ಟಾಯ್ಲೆಟ್. ಟಾಯ್ಲೆಟ್ ವಿಷಯ ಯಾಕೆ ಹೇಳ್ತಿದೀನಿ ಅಂದ್ರೆ ಚಳೀಲಿ ಪದೇ ಪದೇ ಬೇಕಾಗತ್ತೆ, ವಯಸ್ಸಾದವರು ಬಾಯಿಬಿಟ್ಟು ಹೇಳಲ್ಲ, ನೀರು ಕುಡಿಯೋದೇ ಬಿಟ್ಬಿಡ್ತಾರೆ. ಇನ್ನೊಂದು ತುದಿಯಿಂದ ಸ್ವಲ್ಪ ಮೇಲೆ ಹತ್ತಿದ್ರೆ ತಲ್ವಿಪೂತರ್ಹಾ, ಚಳಿಗಾಲದ ತೋಟ ಅಂತ ಅರ್ಥ, 1893ರಲ್ಲಿ ತೆರೆದ ಗಾಜಿನ ಮನೆ, ಟಿಕೆಟ್ ಇಲ್ಲ, ಸೋಮವಾರ ರಜಾ. ಅತ್ತೇನ ಮೊದಲ ಸಲ ಕರ್ಕೊಂಡು ಹೋದಾಗ ಬಾಗ್ಲು ದಾಟ್ತಿದ್ದ ಹಾಗೆ ಕನ್ನಡಕ ಪೂರ್ತಿ ಮಂಜಾಯ್ತು, ಸೆರಗಿಂದ ಒರೆಸ್ಕೊಂಡು ಹಾಕ್ಕೊಂಡ್ರೆ ಎದುರಿಗೆ ಪಾಮ್ ಮರ, ಒದ್ದೆ ಮಣ್ಣಿನ ವಾಸನೆ. ಏನೂ ಮಾತಾಡ್ದೆ ಒಂದು ಎಲೇನ ಬೆರಳಲ್ಲಿ ಸವರ್ತಾ ನಿಂತ್ಬಿಟ್ರು. ಪಕ್ಕದ ಬೆಂಚಲ್ಲಿ ಇಬ್ರು ಅಜ್ಜೀರು ಕೋಟು ಬಿಚ್ಚಿ ಮಡಿಲಲ್ಲಿಟ್ಕೊಂಡು ಕೂತಿದ್ರು, ಅವರಿಗೂ ಅದೇ ಬೇಕಾಗಿದ್ದು ಅಂತ ಕಾಣತ್ತೆ, ಹಸಿರು.

ಎಲ್ಲಾ ಪಾರ್ಕ್ ದಾರೀಲೂ ಹಿಮ ತೆಗಿಯಲ್ಲ. ಮುಖ್ಯ ದಾರಿಗಳಿಗೆ ಯಂತ್ರ ಓಡಿಸಿ ಜಲ್ಲಿಕಲ್ಲು ಪುಡಿ ಹಾಕ್ತಾರೆ, ಕೆಲವು ಮೆಟ್ಲು, ಶಾರ್ಟ್‌ಕಟ್ ಹತ್ರ ಚಳಿಗಾಲದಲ್ಲಿ ನಿರ್ವಹಣೆ ಇಲ್ಲ ಅಂತ ಬೋರ್ಡ್ ಇರತ್ತೆ, ಫಿನ್ನಿಶಲ್ಲಿ Ei talvikunnossapitoa ಅಂತ ಬೋರ್ಡ್ ಕಂಡ್ರೆ ಅಲ್ಲಿಗೆ ಕಾಲಿಡ್ಬೇಡಿ. ಕೇಸ್ಕುಸ್‌ಪುಯ್ಸ್ತೊ ಕಾಡಿನ ಕಡೆ ಹೋದ್ರೆ ಸ್ಕೀ ಮಾಡೋರಿಗೆ ಅಂತ ಹಿಮದಲ್ಲಿ ಕೊರೆದ ಗೆರೆ ಮೇಲೆ ನಡೀಬೇಡಿ, ಎಪ್ಪತ್ತು ದಾಟಿದ ಅಜ್ಜಂದಿರೇ ಗಾಳಿ ಥರ ಬರ್ತಿರ್ತಾರೆ. ನೀರು ಗಟ್ಟಿಯಾಗಿದೆ ಅಂತ ಯಾರೋ ನಡೀತಿದ್ರೂ ನೀವು ಐಸ್ ಮೇಲೆ ಇಳೀಬೇಡಿ.

ಬಟ್ಟೆ ವಿಷಯ ಜಾಸ್ತಿ ಹೇಳಲ್ಲ, ಒಳಗೆ ಉಣ್ಣೆ, ಹೊರಗೆ ಗಾಳಿ ತಡೆಯೋದು, ಹತ್ತಿ ಸಾಕ್ಸ್ ಬೇಡ, ಸೀರೆ ಅಂಚು ಒದ್ದೆ ಹಿಮದಲ್ಲಿ ನೆನೆದು ಕಾಲು ಮರಗಟ್ಟತ್ತೆ, ಅದಕ್ಕೆ ಹೊರಗಡೆ ಪ್ಯಾಂಟ್ ಒಪ್ಪಿಸಿ. ಊರಿನ ಮಂಕಿ ಟೋಪಿ ತರೋಕೆ ಹೇಳಿ, ಅದಕ್ಕಿಂತ ಒಳ್ಳೇದು ಇಲ್ಲೂ ಸಿಗಲ್ಲ. ಬಿಪಿ ಅಥವಾ ಹೃದಯದ ತೊಂದ್ರೆ ಇದ್ರೆ ಅಲ್ಲಿನ ಡಾಕ್ಟ್ರನ್ನ ಕೇಳ್ಕೊಂಡೇ ಬರ್ಲಿ, ಚಳಿಗೆ ಬಿಪಿ ಏರತ್ತೆ. ವೀಸಾಗೆ ಅಂತ 30,000 ಯೂರೋ ಇನ್ಶೂರೆನ್ಸ್ ಹೇಗೂ ಮಾಡಿಸ್ತೀರ, ಕಡಿಮೆ ರೇಟಿಂದು ಅಂತ ಕಣ್ಮುಚ್ಚಿ ತಗೋಬೇಡಿ, ಬಿದ್ದು ಮೂಳೆ ಮುರಿದ್ರೆ ಕೊಡತ್ತಾ, ಮೊದ್ಲೇ ಇರೋ ಕಾಯಿಲೆಗೆ ಏನು ಅಂತ ಓದಿ.

ಇನ್ನು ಒಂಟಿತನ. ನಮ್ಮತ್ತೆಗೆ ಚಳಿಗಿಂತ ಕಷ್ಟ ಆಗಿದ್ದು ಅದೇ, ಇಷ್ಟು ಜನ ಎದುರು ಬರ್ತಾರೆ ಒಬ್ರೂ ಮಾತಾಡ್ಸಲ್ಲ ಅಂತ. ಕೆರೆ ಹತ್ರ ಆಗಿದ್ರೆ ಮೂರನೇ ದಿನಕ್ಕೆ ಸೊಸೆ ವಿಷಯ ಎಲ್ಲಾ ಮಾತಾಡಿ ಮುಗಿದಿರ್ತಿತ್ತು! ಇಲ್ಲಿ ಹಾಗಲ್ಲ, ಆದ್ರೆ ಗಮನಿಸ್ತಾ ಇರ್ತಾರೆ. ಒಂದಿನ ಕತ್ತಲಾಗೋ ಹೊತ್ತಲ್ಲಿ ವಾಪಸ್ ಬರ್ತಿದ್ವಿ, ದಿನಾ ಎದುರು ಸಿಗೋ ಒಬ್ಬ ಅಜ್ಜಿ ನಡೆಯೋಕೆ ಆಸರೆಗೆ ಹಿಡ್ಕೊಂಡು ತಳ್ಳೋ ಗಾಡಿ ನಿಲ್ಸಿ, ಬ್ರೇಕ್ ಹಾಕಿ, ಬ್ಯಾಗಲ್ಲಿ ಹುಡುಕಿ ಒಂದು ಹೆಯ್ಯಸ್ತಿನ್ ತೆಗೆದ್ರು. ಬೆಳಕು ಬಿದ್ರೆ ಹೊಳೆಯೋ ಪ್ಲಾಸ್ಟಿಕ್ ಬಿಲ್ಲೆ, ಕತ್ತಲಲ್ಲಿ ನಡೆಯೋರು ಹಾಕ್ಕೋಬೇಕು ಅಂತ ಇಲ್ಲಿ ಕಾನೂನಲ್ಲೇ ಇದೆ, ನನಗೆ ಗೊತ್ತಿದ್ದೂ ಅತ್ತೆಗೆ ಹಾಕಿರ್ಲಿಲ್ಲ. ಗ್ಲೌಸ್ ಬಿಚ್ಚಿ ಅತ್ತೆ ಕೋಟಿನ ಜೇಬಿಗೆ ಪಿನ್ ಚುಚ್ಚಿ, ದಾರ ಎಳೆದು ಬಿಲ್ಲೆ ಮೊಣಕಾಲು ಮಟ್ಟಕ್ಕೆ ಬರೋ ಹಾಗೆ ಇಳಿಬಿಟ್ರು, ಕಾರಿನ ಲೈಟ್ ಅಲ್ಲೇ ತಾನೇ ಬೀಳೋದು. ನೊಯ್ನ್ ಅಂದ್ರು, ಹಾಂ ಈಗ ಸರಿಯಾಯ್ತು ಅನ್ನೋ ಥರ, ಬ್ರೇಕ್ ತೆಗೆದು ಹೊರಟೇ ಹೋದ್ರು. ಅವತ್ತಿಂದ ಅತ್ತೆ ಯಾರೂ ಮಾತಾಡ್ಸಲ್ಲ ಅನ್ನೋದು ಬಿಟ್ರು, ದೂರದಿಂದಲೇ ಆ ಗಾಡಿ ಹುಡುಕ್ತಿದ್ರು.

ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ಅಂದ್ರೆ ನವೆಂಬರ್ ಬಿಡಿ, ಮಳೆ, ಕತ್ತಲು, ಹಿಮದ ಬಿಳುಪೂ ಇರಲ್ಲ. ಫೆಬ್ರವರಿ ಮಧ್ಯದಲ್ಲಿ ಕರೆಸ್ಕೊಳ್ಳಿ, ಬಿಸಿಲು ಬರತ್ತೆ, ಮಾರ್ಚಲ್ಲಿ ಅಜ್ಜ ಅಜ್ಜೀರು ಬೆಂಚ್ ಮೇಲೆ ಸಣ್ಣ ಫೋಮ್ ಹಾಕ್ಕೊಂಡು ಫ್ಲಾಸ್ಕಲ್ಲಿ ಕಾಫಿ ಇಟ್ಕೊಂಡು ಮುಖ ಸೂರ್ಯನ ಕಡೆ ಮಾಡಿ ಕಣ್ಮುಚ್ಚಿ ಕೂತಿರ್ತಾರೆ, ಅಮ್ಮ ನೋಡಿದ ತಕ್ಷಣ ಅರ್ಥ ಮಾಡ್ಕೋತಾರೆ. ಬುಕ್ ಆಗಿದ್ರೆ ಚಿಂತೆ ಇಲ್ಲ, ಮೊದಲ ವಾರ ಲೈಬ್ರರಿ ತನಕ ಮಾತ್ರ ಹೋಗಿ ಬನ್ನಿ. ನಮ್ಮತ್ತೆಯ ಮೊಳೆ ಶೂ 37 ಸೈಜು, ಕೋಲೂ ನಮ್ಮನೇಲೇ ಇದೆ, ಅವರಿಗೆ ಈಗ ಪ್ರಯಾಣ ಆಗಲ್ಲ. ಅಮ್ಮನ ಅಳತೆ ಕೇಳಿ ಹೇಳಿ, ಆಗೋ ಹಾಗಿದ್ರೆ ತಂದು ಕೊಡ್ತೀನಿ.