ಸೋತರೆ ಅಳುವ ಮಗ, ಹವ್ಯಾಸ ಬದಲಿಸುವ ಮಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಆಟ ಮತ್ತು ಹವ್ಯಾಸಗಳಿಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೆಲವನ್ನು ಆಯ್ದು ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಮಗನಿಗೆ 7 ವರ್ಷ. ಚದುರಂಗವಾಗಲಿ, ಹಾವು ಏಣಿಯಾಗಲಿ, ಸೋಲುವ ಸೂಚನೆ ಕಂಡ ಕೂಡಲೇ ಮುಖ ಕೆಂಪಗಾಗುತ್ತದೆ. ಕಾಯಿಗಳನ್ನೆಲ್ಲ ಚೆಲ್ಲಾಡಿ, ಅಳುತ್ತಾ ಎದ್ದು ಹೋಗುತ್ತಾನೆ. ಅವನ ತಾತ ಬೇಕೆಂದೇ ಸೋತು ಅವನನ್ನು ನಗಿಸುತ್ತಾರೆ. ‘ಸೋಲುವುದನ್ನೂ ಕಲಿಯಲಿ’ ಎಂದು ನನ್ನ ಪತಿ ಒಂದು ಆಟವನ್ನೂ ಬಿಟ್ಟುಕೊಡುವುದಿಲ್ಲ. ಇಬ್ಬರಲ್ಲಿ ಯಾರು ಸರಿ?

ಉತ್ತರ: ಇಬ್ಬರ ಉದ್ದೇಶವೂ ಒಳ್ಳೆಯದೇ. ಆದರೆ ತಾತ ಬೇಕೆಂದೇ ಸೋಲುತ್ತಿದ್ದಾರೆ ಎಂಬುದು ಈ ವಯಸ್ಸಿನ ಮಗುವಿಗೆ ಬಹುಬೇಗ ತಿಳಿದುಬಿಡುತ್ತದೆ; ತಿಳಿದ ಮೇಲೆ ಗೆಲುವಿಗೆ ರುಚಿ ಉಳಿಯುವುದಿಲ್ಲ, ಜೊತೆಗೆ ನಿಜವಾದ ಆಟಕ್ಕೆ ತಾನು ಸಾಲದವನು ಎಂಬ ಅನುಮಾನವೂ ಮೊಳೆಯುತ್ತದೆ. ನಿಮ್ಮ ಪತಿಯವರ ಕ್ರಮದಲ್ಲಿ ಬೇರೊಂದು ತೊಡಕಿದೆ. ಹತ್ತಾರು ವರ್ಷ ಹೆಚ್ಚಿನ ಅನುಭವವಿರುವವರು ಪೂರ್ಣ ಬಲದಿಂದ ಆಡಿ ಪ್ರತಿ ಸಲವೂ ಗೆದ್ದರೆ, ಮಗು ಕಲಿಯುವ ಪಾಠ ‘ಅಪ್ಪನ ಜೊತೆ ಆಟಕ್ಕೆ ಕೂರಬಾರದು’ ಎಂಬುದೊಂದೇ.

ಬಲವನ್ನು ಬಹಿರಂಗವಾಗಿ ಸಮ ಮಾಡಿಕೊಂಡು ಆಡುವುದು ಇವೆರಡಕ್ಕಿಂತ ಉತ್ತಮ. ಚದುರಂಗದಲ್ಲಿ ಇದು ಹಳೆಯ ಪದ್ಧತಿ. 19ನೇ ಶತಮಾನದಲ್ಲಿ ಪಳಗಿದ ಆಟಗಾರರು ತಮಗಿಂತ ಕಡಿಮೆ ಬಲದವರೊಂದಿಗೆ ಆಡುವಾಗ ಒಂದು ಕಾಲಾಳನ್ನೋ ಕುದುರೆಯನ್ನೋ ಆನೆಯನ್ನೋ ಮೊದಲೇ ಹಲಗೆಯಿಂದ ತೆಗೆದಿಟ್ಟು ಆಡುವುದು ಸಾಮಾನ್ಯವಾಗಿತ್ತು. ನಿಮ್ಮ ಪತಿಯವರೂ ಮಗನ ಕಣ್ಣೆದುರೇ ತಮ್ಮ ಮಂತ್ರಿಯನ್ನು ತೆಗೆದಿಡಲಿ, ಅನಂತರ ಸ್ವಲ್ಪವೂ ಸಡಿಲಬಿಡದೆ ಆಡಲಿ. ಆಗ ಮಗ ಗೆದ್ದರೆ ಆ ಗೆಲುವು ಅವನದೇ, ಸೋತರೆ ಸೋಲೂ ಅವನದೇ. ನಾಲ್ಕು ಆಟಗಳಲ್ಲಿ ಮೂರನ್ನು ಅವನು ಗೆಲ್ಲತೊಡಗಿದಾಗ ಮಂತ್ರಿಯನ್ನು ಹಲಗೆಗೆ ಮರಳಿಸಿ, ಬದಲಿಗೆ ಆನೆಯನ್ನು ಹೊರಗಿಡಿ; ಇನ್ನಷ್ಟು ದಿನಗಳಾದ ಮೇಲೆ ಕುದುರೆಯನ್ನು. ತಾನು ಎಷ್ಟು ಮುಂದೆ ಬಂದಿದ್ದೇನೆ ಎಂಬುದು ಹಲಗೆಯ ಹೊರಗಿರುವ ಕಾಯಿಯನ್ನು ನೋಡಿದರೇ ಅವನಿಗೆ ಗೊತ್ತಾಗುತ್ತದೆ, ಯಾರೂ ಹೊಗಳಬೇಕಾಗಿಲ್ಲ.

ಹಾವು ಏಣಿಯ ಆಟವನ್ನು ಇದರಿಂದ ಬೇರೆಯಾಗಿಯೇ ನೋಡಬೇಕು. ಅಲ್ಲಿ ಆಟಗಾರನು ನಿರ್ಧರಿಸುವುದಕ್ಕೆ ಏನೂ ಇಲ್ಲ, ದಾಳ ಹೇಳಿದಂತೆ ಕಾಯಿ ನಡೆಯುತ್ತದೆ. ಸೋಲನ್ನು ಸಹಿಸುವ ಅಭ್ಯಾಸವನ್ನು ಇಂಥ ಆಟದಿಂದ ಆರಂಭಿಸುವುದು ಜಾಣತನ, ಏಕೆಂದರೆ ಇಲ್ಲಿ ಸೋತರೂ ಬುದ್ಧಿಗೆ ಏಟು ಬೀಳುವುದಿಲ್ಲ. ನಿಮ್ಮ ಕಾಯಿ ಹಾವಿನ ಬಾಯಿಗೆ ಬಿದ್ದಾಗ ‘ಅಯ್ಯೋ, 98ರಿಂದ ಕೆಳಗೆ ಬಂದೆ’ ಎಂದು ನೀವೇ ಜೋರಾಗಿ ಬೇಸರಪಟ್ಟು, ಮರುಕ್ಷಣವೇ ದಾಳವನ್ನು ಅವನ ಕೈಗೆ ಕೊಡಿ. ಬೇಸರವಾದರೂ ಆಟ ಮುಂದುವರಿಯುತ್ತದೆ ಎಂಬುದನ್ನು ಹೀಗೆ ಕಂಡು ಕಲಿಯುವಷ್ಟು ಚೆನ್ನಾಗಿ ಕೇಳಿ ಕಲಿಯಲಾಗುವುದಿಲ್ಲ. ಹತ್ತು ನಿಮಿಷದಲ್ಲಿ ಮುಗಿಯುವ ಆಟಗಳನ್ನೇ ಆಯ್ದು, ಒಮ್ಮೆ ಕೂತಾಗ ಎರಡು ಮೂರು ಸುತ್ತು ಆಡಿ. ಮಗು ದಣಿದಿರುವಾಗ, ಹಸಿದಿರುವಾಗ, ನಿದ್ದೆಯ ಹೊತ್ತಿನಲ್ಲಿ ಆಟ ಹೂಡಬೇಡಿ. ಕಾಯಿಗಳನ್ನು ಚೆಲ್ಲಾಡಿದ ಕ್ಷಣದಲ್ಲಿ ಉಪದೇಶದಿಂದ ಪ್ರಯೋಜನವಿಲ್ಲ. ಅಳು ನಿಂತ ಮೇಲೆ, ‘ಅಳಬಹುದು, ಕಾಯಿ ಎಸೆಯುವಂತಿಲ್ಲ’ ಎಂದಷ್ಟೇ ಹೇಳಿ, ಚೆಲ್ಲಿದ್ದನ್ನು ಅವನಿಂದಲೇ ಡಬ್ಬಿಗೆ ತುಂಬಿಸಿ.

ಪ್ರಶ್ನೆ: ನನ್ನ 10 ವರ್ಷದ ಮಗಳು ಚಿತ್ರಕಲೆಯನ್ನು ಕೆಲವೇ ತಿಂಗಳಲ್ಲಿ ಬಿಟ್ಟಳು, ಆಮೇಲೆ ಈಜು, ಈಗ ಕೊಳಲು. ಈಗ ಕೊಳಲೂ ಬೇಡವಂತೆ. ಹೀಗೆ ಬಿಟ್ಟುಬಿಟ್ಟು ಹೋದರೆ ಮುಂದೆ ಯಾವುದರಲ್ಲೂ ಗಟ್ಟಿಯಾಗಿ ನಿಲ್ಲಲಾರಳೆಂದು ಭಯವಾಗುತ್ತದೆ. ಬಲವಂತವಾಗಿಯಾದರೂ ಮುಂದುವರಿಸಬೇಕೇ?

ಉತ್ತರ: ಮೊದಲು ಭಯವನ್ನು ಸ್ವಲ್ಪ ಬದಿಗಿಡಿ. ಈ ವಯಸ್ಸಿನಲ್ಲಿ ಹಲವನ್ನು ಮುಟ್ಟಿ ನೋಡುವುದು ದೋಷವಲ್ಲ. ಕ್ರೀಡೆಯ ವಿಷಯದಲ್ಲಂತೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2016ರ ತನ್ನ ವರದಿಯಲ್ಲಿ, ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು 15–16ನೇ ವಯಸ್ಸಿನವರೆಗೆ ಮುಂದೂಡುವುದು ಒಳ್ಳೆಯದೆಂದು ಹೇಳಿದೆ. ಒಂದೇ ಬಗೆಯ ಚಲನೆಯನ್ನು ಮತ್ತೆ ಮತ್ತೆ ಮಾಡುವುದರಿಂದ ಆಗುವ ಗಾಯ ಮತ್ತು ಬೇಗನೆ ಬರುವ ಬೇಸರ, ಇವೆರಡೂ ಅದಕ್ಕೆ ಕಾರಣಗಳು. ಸಂಗೀತಕ್ಕೆ ಆ ಮಾತು ಹಾಗೆಯೇ ಅನ್ವಯಿಸದಿದ್ದರೂ, ಹತ್ತು ವರ್ಷದ ಹುಡುಗಿ ಜೀವಮಾನದ ಹವ್ಯಾಸವನ್ನು ಈಗಲೇ ಆರಿಸಿಕೊಳ್ಳಬೇಕೆಂದು ನಿರೀಕ್ಷಿಸುವುದು ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ.

ಆದರೆ ಅವಳು ಪ್ರತಿ ಸಲ ಬಿಡುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ಕೊಳಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೊದಲ ದಿನಗಳಲ್ಲಿ ಎಷ್ಟು ಊದಿದರೂ ಬರಿಯ ಗಾಳಿ. ಆಮೇಲೆ ಒಮ್ಮೆ ತಟ್ಟನೆ ನಾದ ಹೊರಟಾಗ ಆಗುವ ಸಂತೋಷಕ್ಕೆ ಎಣೆಯಿಲ್ಲ. ಅದಾದ ಮೇಲೆ ಬರುವುದು ಬೆರಳುಗಳ ಕಾಲ. ರಂಧ್ರವನ್ನು ಬೆರಳು ಕೂದಲೆಳೆಯಷ್ಟು ಬಿಟ್ಟುಕೊಟ್ಟರೂ ಸ್ವರ ಕೀರಲಾಗುತ್ತದೆ, ವಾರಗಟ್ಟಲೆ ಅಭ್ಯಾಸ ಮಾಡಿದರೂ ಮುಂದೆ ಹೋದಂತೆ ಕಾಣುವುದಿಲ್ಲ. ಬಹುಪಾಲು ಮಕ್ಕಳು ‘ಬೇಡ’ ಎನ್ನುವುದು ಇಲ್ಲಿಯೇ. ಈಜಿನಲ್ಲಿ ಉಸಿರಾಟವನ್ನು ಕೈಬಡಿತಕ್ಕೆ ಹೊಂದಿಸುವಾಗ, ಚಿತ್ರದಲ್ಲಿ ನೆರಳು ಬೆಳಕು ಆರಂಭವಾದಾಗ ಎದುರಾಗುವುದೂ ಇಂಥದೇ ಘಟ್ಟ. ನಿಮ್ಮ ಮಗಳು ಮೂರನ್ನೂ ಈ ಘಟ್ಟದಲ್ಲೇ ಬಿಟ್ಟಿದ್ದರೆ ಅದು ಅಭಿರುಚಿಯ ಬದಲಾವಣೆಯಾಗಿರಲಾರದು. ಕಷ್ಟ ಬಂದಾಗ ಏನು ಮಾಡಬೇಕೆಂದು ಅವಳಿಗೆ ಯಾರೂ ತೋರಿಸಿಕೊಟ್ಟಿಲ್ಲದಿರಬಹುದು. ಅಭ್ಯಾಸವನ್ನು ದಿನಕ್ಕೆ ಹದಿನೈದು ನಿಮಿಷಕ್ಕೆ ಇಳಿಸಿ, ಇಡೀ ಪಾಠದ ಬದಲು ತಪ್ಪುವ ಎರಡು ಸ್ವರಗಳನ್ನಷ್ಟೇ ನುಡಿಸಲು ಹೇಳುವಂತೆ ಶಿಕ್ಷಕರನ್ನು ಕೇಳಿಕೊಳ್ಳಿ. ಮೊದಲ ವಾರ ನುಡಿಸಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಒಂದು ತಿಂಗಳ ಮೇಲೆ ಕೇಳಿಸಿದರೆ, ತನಗೆ ಕಾಣದಿದ್ದ ಪ್ರಗತಿ ಅವಳ ಕಿವಿಗೇ ಬೀಳುತ್ತದೆ.

ಬಲವಂತದ ಬದಲು ಒಪ್ಪಂದ ಮಾಡಿಕೊಳ್ಳಿ. ಯಾವುದೇ ತರಗತಿಗೆ ಸೇರುವ ಮೊದಲೇ ‘ಇಂಥ ತಿಂಗಳವರೆಗೆ ಹೋಗುವುದು, ಆಮೇಲೆ ಕೂತು ಮಾತಾಡುವುದು’ ಎಂದು ಇಬ್ಬರೂ ನಿಶ್ಚಯಿಸಿ, ಆ ದಿನ ಬಂದಾಗ ಅವಳ ತೀರ್ಮಾನವನ್ನು ನಿಜವಾಗಿಯೂ ಗೌರವಿಸಿ. ಗದರಿಸಿಕೊಂಡು ಬಂದ ದಿನ, ಸ್ಪರ್ಧೆಯಲ್ಲಿ ಸೋತ ಸಂಜೆ ಬಿಡುವ ನಿರ್ಧಾರ ಮಾಡಬಾರದೆಂಬ ನಿಯಮವೊಂದಿದ್ದರೆ ಸಾಕು. ಶಿಕ್ಷಕರ ಭಯದಿಂದ ಅಥವಾ ಸಹಪಾಠಿಗಳ ಕೀಟಲೆಯಿಂದ ಅವಳು ಹಿಂಜರಿಯುತ್ತಿದ್ದರೆ ಮಾತ್ರ ಒಪ್ಪಂದದ ದಿನಕ್ಕಾಗಿ ಕಾಯದೆ ಕೂಡಲೇ ವಿಚಾರಿಸಿ.

ಪ್ರಶ್ನೆ: ಮಗ ತಾನಾಗಿಯೇ ಚಿತ್ರ ಬಿಡಿಸುತ್ತಾನೆ. ಇನ್ನಷ್ಟು ಉತ್ಸಾಹ ಬರಲೆಂದು ಪ್ರತಿ ಚಿತ್ರಕ್ಕೂ ಬಹುಮಾನ ಕೊಡಲು ಯೋಚಿಸಿದ್ದೇನೆ. ಸರಿಯೇ?

ಉತ್ತರ: ದಯವಿಟ್ಟು ಬೇಡ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಇದನ್ನೇ ಪರೀಕ್ಷಿಸಿದರು. ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ ಸಿಗುತ್ತದೆ’ ಎಂದು ಮುಂಚೆಯೇ ಹೇಳಿ ಕೊಟ್ಟರು, ಇನ್ನೊಂದಕ್ಕೆ ಹೇಳದೆ ಕೊಟ್ಟರು, ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ನಂತರ ಅದೇ ಪೆನ್ನುಗಳನ್ನು ಎದುರಿಗಿಟ್ಟಾಗ, ಬಹುಮಾನದ ಆಸೆಯಿಂದ ಬಿಡಿಸಿದ್ದ ಮಕ್ಕಳು ಉಳಿದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಸಮಯವನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರ ಆಸಕ್ತಿಗೆ ಧಕ್ಕೆಯಾಗಿರಲಿಲ್ಲ. ಆದ್ದರಿಂದ ಅಪರೂಪಕ್ಕೊಮ್ಮೆ ಹೊಸ ಬಣ್ಣದ ಡಬ್ಬಿ ತಂದುಕೊಟ್ಟರೆ ತೊಂದರೆಯಿಲ್ಲ, ಚಿತ್ರಕ್ಕಿಷ್ಟು ಎಂದು ದರ ನಿಗದಿ ಮಾಡಬೇಡಿ. ಚಿತ್ರ ತೋರಿಸಲು ಬಂದಾಗ ‘ಚೆನ್ನಾಗಿದೆ’ ಎಂದು ಸಾಗಹಾಕುವ ಬದಲು ‘ಈ ಮನೆಗೆ ಕಿಟಕಿ ಯಾಕಿಲ್ಲ?’ ಎಂದು ಕೇಳಿ ನೋಡಿ, ಅವನು ಹೇಳುವ ಕತೆ ಚಿತ್ರಕ್ಕಿಂತ ದೊಡ್ಡದಿರುತ್ತದೆ.

ಪ್ರಶ್ನೆ: 8 ವರ್ಷದ ಮಗಳು ಕುಂಡದಲ್ಲಿ ತಾನೇ ಬೆಳೆಸಿದ ಗಿಡ ಬಾಡಿಹೋಗಿದೆ. ಅವಳು ಅಜ್ಜಿಯ ಮನೆಗೆ ಹೋಗಿದ್ದಾಳೆ. ಬರುವಷ್ಟರಲ್ಲಿ ಅಂಥದೇ ಇನ್ನೊಂದು ಗಿಡವನ್ನು ತಂದು ನೆಟ್ಟುಬಿಡಲೇ?

ಉತ್ತರ: ಬೇಡ, ಬಾಡಿದ ಗಿಡ ಹಾಗೆಯೇ ಇರಲಿ. ಅವಳು ಬಂದು ನೋಡಿ ಅತ್ತರೆ ಅಳಲಿ. ಸಮಾಧಾನವಾದ ಮೇಲೆ ಇಬ್ಬರೂ ಸೇರಿ ಕುಂಡವನ್ನು ಬೋರಲು ಹಾಕಿ ಬೇರನ್ನು ಪರೀಕ್ಷಿಸಿ. ಬೇರು ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಮಣ್ಣು ಮುಗ್ಗಲು ನಾತ ಹೊಡೆಯುತ್ತಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಮಣ್ಣು ಗಟ್ಟಿಯಾಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿದ್ದು, ಬೇರು ಒಣಗಿ ಮುರಿಯುವಂತಿದ್ದರೆ ನೀರು ಸಾಲದೆ ಹೋಗಿದೆ. ಅಕ್ಕರೆಯಿಂದ ದಿನವೂ ನೀರು ಸುರಿಯುವ ಮಕ್ಕಳ ಕುಂಡಗಳಲ್ಲಿ ಮೊದಲನೆಯದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಬೇರಿಗೂ ಗಾಳಿ ಬೇಕು, ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಅದು ಕೊಳೆಯುತ್ತದೆ ಎಂದು ವಿವರಿಸಿ. ಮುಂದಿನ ಗಿಡಕ್ಕೆ ನೀರು ಹಾಕುವ ಮೊದಲು ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ತೇವವಿದೆಯೇ ಎಂದು ನೋಡುವುದನ್ನು ಕಲಿಸಿ. ಒಂದು ವೇಳೆ ನೀವು ಗುಟ್ಟಾಗಿ ಗಿಡ ಬದಲಿಸಿದಿರಿ ಎನ್ನಿ, ಅವಳು ಎರಡನೆಯದಕ್ಕೂ ಅಷ್ಟೇ ನೀರು ಸುರಿಯುತ್ತಾಳೆ. ಇನ್ನು, ಊರಿಗೆ ಹೋಗುವಾಗ ಗಿಡವನ್ನು ಯಾರಿಗಾದರೂ ಒಪ್ಪಿಸಿ ಹೋಗಬೇಕೆಂಬುದು ಅವಳಿಗೆ ಹೊಳೆಯದಿದ್ದರೆ, ಆ ಮಾತನ್ನೂ ಇದೇ ಸಂದರ್ಭದಲ್ಲಿ ಎತ್ತಬಹುದು. ನೀರು ಹಾಕಲು ನಿಮಗೇ ಹೇಳಿ ಹೋಗಿದ್ದರೆ ತಪ್ಪು ನಿಮ್ಮದು, ಹಾಗೆಂದು ಅವಳ ಮುಂದೆ ಒಪ್ಪಿಕೊಳ್ಳಿ.

ಪ್ರಶ್ನೆ: ನೆರೆಹೊರೆಯ ಮಕ್ಕಳೆಲ್ಲ ಸೇರಿ ಆಡುವಾಗ ಆಟಕ್ಕಿಂತ ನಿಯಮದ ಜಗಳವೇ ಹೆಚ್ಚು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಾರೆ. ನಾವು ದೊಡ್ಡವರು ಯಾವಾಗ ನಡುವೆ ಹೋಗಬೇಕು?

ಉತ್ತರ: ಎರಡೂ ಬೇರೆ ಬೇರೆ ವಿಷಯಗಳು. ನಿಯಮದ ಜಗಳವನ್ನು ಆಟ ಕೆಟ್ಟಿತೆಂದು ತಿಳಿಯಬೇಡಿ, ಅದೂ ಆಟದ ಭಾಗವೇ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳೊಂದಿಗೆ ಗೋಲಿ ಆಡುತ್ತಾ, ನಿಯಮಗಳನ್ನು ತಮಗೆ ಕಲಿಸಿಕೊಡುವಂತೆ ಅವರನ್ನೇ ಕೇಳುತ್ತಾ ಅಧ್ಯಯನ ನಡೆಸಿ, ಫಲಿತಾಂಶವನ್ನು 1932ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳು ನಿಯಮವೆಂದರೆ ಹಿರಿಯರಿಂದ ಬಂದದ್ದು, ಯಾರೂ ಬದಲಿಸಲಾಗದ್ದು ಎನ್ನುತ್ತಿದ್ದರು, ಆದರೆ ಆಡುವಾಗ ತಮಗೆ ತೋಚಿದಂತೆ ಆಡುತ್ತಿದ್ದರು. ಹತ್ತು ಹನ್ನೊಂದರ ಸುಮಾರಿನವರು ಮಾತ್ರ, ಎಲ್ಲರೂ ಒಪ್ಪಿದರೆ ನಿಯಮವನ್ನು ಬದಲಿಸಬಹುದು, ಒಪ್ಪಿದ ಮೇಲೆ ಪಾಲಿಸಲೇಬೇಕು ಎನ್ನುವಷ್ಟಕ್ಕೆ ಬಂದಿದ್ದರು. ಈ ತಿಳಿವಳಿಕೆ ಬರುವುದು ಸಮವಯಸ್ಕರೊಂದಿಗೆ ವಾದಿಸಿ, ಚೌಕಾಸಿ ಮಾಡಿ, ಕೆಲವೊಮ್ಮೆ ಸಿಟ್ಟಿನಿಂದ ಮನೆಗೆ ಹೋಗಿ ಮತ್ತೆ ಮರಳಿ ಬಂದಾಗ. ‘ಔಟ್ ಹೌದೋ ಅಲ್ಲವೋ’ ಎಂದು ನೀವು ಕಿಟಕಿಯಿಂದಲೇ ತೀರ್ಪು ಕೊಟ್ಟುಬಿಟ್ಟರೆ ಮಕ್ಕಳು ಮುಂದಿನ ಸಲವೂ ಕಿಟಕಿಯತ್ತಲೇ ನೋಡುತ್ತಾರೆ.

ಹೊರಳಾಟದ ವಿಷಯದಲ್ಲಿ ಮುಖಗಳನ್ನು ನೋಡಿ. ನಗುತ್ತಿದ್ದರೆ, ಒಮ್ಮೆ ಇವನು ಮೇಲೆ ಒಮ್ಮೆ ಅವನು ಮೇಲೆ ಎಂಬಂತಿದ್ದರೆ, ಬಲಶಾಲಿಯಾದವನು ತನ್ನ ಬಲವನ್ನು ತಾನೇ ತಡೆದು ಹಿಡಿಯುತ್ತಿದ್ದರೆ, ಬಿಡಿಸಿಕೊಂಡ ಮೇಲೂ ಒಟ್ಟಿಗೇ ಇದ್ದರೆ ಅದು ಆಟವೇ. ಹುಬ್ಬು ಗಂಟಿಕ್ಕಿದ್ದರೆ, ಪ್ರತಿ ಸಲವೂ ಒಬ್ಬನೇ ಕೆಳಗೆ ಬೀಳುತ್ತಿದ್ದರೆ, ‘ಸಾಕು’ ಎಂದರೂ ನಿಲ್ಲಿಸದಿದ್ದರೆ ತಡಮಾಡದೆ ನಡುವೆ ಹೋಗಿ. ಒಬ್ಬನನ್ನೇ ಗುರಿಮಾಡಿ ದಿನವೂ ಹೊರಗಿಡುತ್ತಿದ್ದರೆ, ಏಟು ಬೀಳದಿದ್ದರೂ ಮಧ್ಯಪ್ರವೇಶ ಅಗತ್ಯ.

ಪ್ರಶ್ನೆ: ಆಟ ಮುಗಿಸಿ ಬಂದ ಮಗನನ್ನು ‘ಇವತ್ತು ಆಟದಿಂದ ಏನು ಕಲಿತೆ?’ ಎಂದು ಕೇಳುತ್ತೇನೆ. ಈಗೀಗ ಉತ್ತರಿಸದೆ ಒಳಗೆ ಓಡುತ್ತಾನೆ. ಪಾಠ ಅವನ ಮನಸ್ಸಿಗೆ ಇಳಿದಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ಓಡುವುದು ಸಹಜ, ನಿಮ್ಮ ಪ್ರಶ್ನೆಯಿಂದ ಆಟವೂ ಪರೀಕ್ಷೆಯ ವಿಷಯವಾಗಿಬಿಟ್ಟಿದೆ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಓಟದ ಆಟದ ಉದಾಹರಣೆ ಕೊಟ್ಟಿದ್ದರು. ಮಗುವಿಗೆ ಈಗಿಂದೀಗಲೇ ಓಡಬೇಕೆಂಬ ಆಸೆ, ಆದರೆ ಸೂಚನೆ ಬರುವವರೆಗೆ ಗೆರೆಯ ಮೇಲೆ ನಿಂತೇ ಇರುತ್ತದೆ, ಏಕೆಂದರೆ ನಿಯಮವನ್ನು ಪಾಲಿಸುವುದರಲ್ಲೇ ಆಟದ ಸುಖವಿದೆ. ಅದೇ ಮಗುವನ್ನು ಬೇರೆ ಕಡೆ ಒಂದು ನಿಮಿಷ ಸುಮ್ಮನೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತು. ಗೆರೆಯ ಮೇಲೆ ನಿಂತಿದ್ದ ಮಗುವನ್ನು ಆಮೇಲೆ ಕರೆದು ಕೇಳಿದರೆ ‘ಸಂಯಮ ಕಲಿತೆ’ ಎನ್ನುವುದಿಲ್ಲ, ‘ನಾನು ಎರಡನೇ ಸ್ಥಾನ’ ಎನ್ನುತ್ತದೆ. ಕೇಳಲೇಬೇಕೆನಿಸಿದರೆ ‘ಇವತ್ತು ಯಾರು ಯಾರು ಬಂದಿದ್ದರು?’ ಎಂದು ಕೇಳಿ. ಪಾಠ ಇಳಿದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಅವನ ಆಟವನ್ನು ಆಗಾಗ ದೂರದಿಂದ ಗಮನಿಸಿ: ಕಳೆದ ವರ್ಷ ತನ್ನ ಸರದಿಗೆ ಕಾಯಲಾರದೆ ಬ್ಯಾಟ್ ಕಿತ್ತುಕೊಳ್ಳುತ್ತಿದ್ದವನು ಈ ವರ್ಷ ಏನು ಮಾಡುತ್ತಿದ್ದಾನೆ, ಹೊಸಬನೊಬ್ಬ ಬಂದು ನಿಂತರೆ ಅವನಿಗೆ ಯಾವ ಜಾಗ ಕೊಡುತ್ತಾನೆ, ನೋಡಿ.