ಸೈನ್ಯದಿಂದ ಬಂದವರಿಗೆ ಪರೀಕ್ಷೆ ಏಕೆ?

ಹದಿನೈದು ವರ್ಷ ಸೈನ್ಯದಲ್ಲಿ ದುಡಿದು ಬಂದವರನ್ನು ಮತ್ತೆ ಪರೀಕ್ಷೆಗೆ ಕೂರಿಸುವುದು ಅವಮಾನ, ನೇರವಾಗಿ ಸರ್ಕಾರಿ ಕೆಲಸ ಕೊಡಬೇಕು ಎಂದು ಬರೆದಿದ್ದೀರಿ. ಹರೆಯವನ್ನೆಲ್ಲ ಪಡೆದುಕೊಂಡ ಸರ್ಕಾರ ನಲವತ್ತರ ಆಸುಪಾಸಿನಲ್ಲಿ ಮನೆಗೆ ಕಳಿಸಿದರೆ ಸಿಟ್ಟು ಬರುವುದು ಸಹಜವೇ. ಆದರೂ ನಿಮ್ಮ ಪರಿಹಾರವನ್ನು ನಾನು ಒಪ್ಪಲಾರೆ.

ಹಿಂದಿನ ಜರ್ಮನ್ ರಾಜ್ಯ ಪ್ರಷ್ಯ ಇದನ್ನು ಮಾಡಿ ನೋಡಿತ್ತು. ಹನ್ನೆರಡು ವರ್ಷ ಸೇವೆ ಮುಗಿಸಿದ ಹವಾಲ್ದಾರ ದರ್ಜೆಯವರಿಗೆ ಒಂದು ಪ್ರಮಾಣಪತ್ರ. ಅದಿದ್ದರೆ ರೈಲ್ವೆ, ಅಂಚೆ, ಪೊಲೀಸ್ ಇಲಾಖೆಗಳ ಕೆಳಹಂತದ ಹುದ್ದೆಗಳಿಗೆ ಹಕ್ಕು. ಸೈನ್ಯಕ್ಕೆ ಲಾಭವಾಯಿತು. ಕಚೇರಿಗೆ ಬಂದ ಜನ ಮಾತ್ರ ಕವಾಯತಿನ ಗದರಿಕೆ ಕೇಳಬೇಕಾಯಿತು.

ಅಮೆರಿಕ 1944ರ ಕಾಯ್ದೆಯಲ್ಲಿ ಪರೀಕ್ಷೆಯನ್ನು ಉಳಿಸಿಕೊಂಡು ಅಂಕ ಸೇರಿಸಿತು: ಮಾಜಿ ಸೈನಿಕರಿಗೆ 5, ಸೇವೆಯಲ್ಲಿ ಅಂಗವಿಕಲರಾದವರಿಗೆ 10. ಅಷ್ಟಕ್ಕೇ ನಿಂತಿದ್ದರೆ ತಕರಾರಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯ ಇನ್ನೂ ಮುಂದೆ ಹೋಗಿ, ಪಾಸಾದ ಮಾಜಿ ಸೈನಿಕರನ್ನೆಲ್ಲ ಉಳಿದವರ ಮೇಲೆ ಇಟ್ಟಿತು, ಅದೂ ಜೀವಮಾನಪೂರ್ತಿ. 1971ರಲ್ಲಿ ಹೆಲೆನ್ ಫೀನಿ ಎಂಬ ನೌಕರೆ ಪರೀಕ್ಷೆಯೊಂದರಲ್ಲಿ ಎರಡನೆಯ ಅತಿ ಹೆಚ್ಚು ಅಂಕ ಪಡೆದರೂ ಪಟ್ಟಿಯಲ್ಲಿ ಆರನೆಯವರಾದರು. ಮುಂದಿದ್ದ ಐವರೂ ಮಾಜಿ ಸೈನಿಕರು, ನಾಲ್ವರ ಅಂಕ ಇವರಿಗಿಂತ ಕಡಿಮೆ. ಇವರೂ ಸೈನ್ಯ ಸೇರಬಹುದಿತ್ತಲ್ಲ ಎನ್ನಬೇಡಿ. ಅಲ್ಲಿ ಮಹಿಳೆಯರು ಶೇ. 2 ಮೀರಬಾರದೆಂಬ ಕಾನೂನು 1967ರವರೆಗೂ ಇತ್ತು! ಫೀನಿ ಹೂಡಿದ ಮೊಕದ್ದಮೆಯಲ್ಲಿ 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ರಾಜ್ಯದ ಪರವಾಗಿಯೇ ತೀರ್ಪು ಕೊಟ್ಟಿತು. ನನಗಂತೂ ಅದು ರುಚಿಸಿಲ್ಲ.

ದಕ್ಷಿಣ ಕೊರಿಯದ ಸಂವಿಧಾನ ನ್ಯಾಯಾಲಯದ್ದು ಬೇರೆಯೇ ದಾರಿ. ಅಲ್ಲಿ ಸೈನ್ಯದಿಂದ ಬಂದವರಿಗೆ ಶೇ. 3ರಿಂದ 5ರಷ್ಟು ಹೆಚ್ಚುವರಿ ಅಂಕ ಸಿಗುತ್ತಿತ್ತು. ಅರ್ಧ ಅಂಕಕ್ಕೂ ಹಣೆಬರಹ ಬದಲಾಗುವ ಪರೀಕ್ಷೆಗಳಲ್ಲಿ ಇದು ಸಣ್ಣದಲ್ಲ. ಕಡ್ಡಾಯ ಸೇನಾಸೇವೆಗೆ ಕರೆಸಿಕೊಳ್ಳದ ಮಹಿಳೆಯರು, ಅಂಗವಿಕಲರು ಹೊರಗೇ ಉಳಿಯುತ್ತಿದ್ದರು. 1999ರ ಡಿಸೆಂಬರಿನಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಸೈನಿಕನ ಋಣ ಇಡೀ ದೇಶದ್ದು. ಅದನ್ನು ಪಕ್ಕದ ಬೆಂಚಿನಲ್ಲಿ ಕೂತ ಅಭ್ಯರ್ಥಿಯೊಬ್ಬಳೇ ಏಕೆ ತೀರಿಸಬೇಕು?

ನಮ್ಮ 1979ರ ಕೇಂದ್ರ ನಿಯಮಗಳಲ್ಲಿ ಗ್ರೂಪ್ ಸಿ ಹುದ್ದೆಗಳಿಗೆ ಶೇ. 10, ಈಗ ಗ್ರೂಪ್ ಸಿಯಲ್ಲಿ ವಿಲೀನವಾಗಿರುವ ಗ್ರೂಪ್ ಡಿಗೆ ಶೇ. 20 ಮೀಸಲಾತಿ ಇದೆ. ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು ವಯಸ್ಸಿನ ಲೆಕ್ಕ. ಸೇವೆಯ ವರ್ಷಗಳನ್ನು ವಯಸ್ಸಿನಿಂದ ಕಳೆಯುತ್ತಾರೆ, ಮೇಲೆ ಮೂರು ವರ್ಷದ ರಿಯಾಯಿತಿ ಕೊಡುತ್ತಾರೆ. ಕಳೆದ ವರ್ಷಗಳು ವಾಪಸು ಸಿಗುತ್ತವೆ, ಯಾರ ಅಂಕವೂ ಕೆಳಗಿಳಿಯುವುದಿಲ್ಲ.

ಇನ್ನು ನಿಮ್ಮ ತಮ್ಮ, ಸೈನ್ಯದ ಮೂಲಕ ಐಎಎಸ್ ಆಗುವ ಯೋಚನೆಯಲ್ಲಿದ್ದಾರೆ ಎಂದಿದ್ದೀರಿ. ನಾಗರಿಕ ಸೇವಾ ಪರೀಕ್ಷೆಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿಯೇ ಇಲ್ಲ. ಕನಿಷ್ಠ ಐದು ವರ್ಷ ದುಡಿದ ಮಾಜಿ ಸೈನಿಕರಿಗೆ, ಅಧಿಕಾರಿಗಳೂ ಸೇರಿ, ವಯೋಮಿತಿಯಲ್ಲಿ ಐದು ವರ್ಷದವರೆಗೆ ಸಡಿಲಿಕೆ ಇದೆ, ಅಷ್ಟೇ. ಗುರಿ ಅದೇ ಆಗಿದ್ದರೆ ಈಗಲೇ ಓದಲು ಕೂರಲಿ. ಗ್ರೂಪ್ ಸಿ ಸಾಕು ಎನ್ನುವುದಾದರೆ ಸೈನ್ಯದಲ್ಲಿದ್ದಾಗಲೇ ಪದವಿ ಮುಗಿಸಿಕೊಳ್ಳಲಿ. ಬಿಡುಗಡೆಗೆ ಒಂದು ವರ್ಷ ಇರುವಾಗಿನಿಂದಲೇ ಅರ್ಜಿ ಹಾಕಬಹುದು.

– ಸಂ.